ಖಾನಾವಳಿಯ ಶಿಫಾರಸು: ನಾಲಿಗೆಯ ಜಾಮೀನು

ಪರಸ್ಥಳದ ಖರೀದಿದಾರರು ಗೋಕಾಕ, ಮೂಡಲಗಿ ಅಥವಾ ಹುಕ್ಕೇರಿಗೆ ಬಂದಾಗ ಸ್ಥಳೀಯ ವ್ಯಾಪಾರಸ್ಥರನ್ನು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಮಾಲಿನ ದರ ಎಷ್ಟು ಎಂಬುದು ಮೊದಲನೆಯದು. ಊಟಕ್ಕೆ ಎಲ್ಲಿ ಹೋಗಬೇಕು ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರಿಸುವ ಮುನ್ನ ವ್ಯಾಪಾರಸ್ಥರು ಆ ದಿನದ ಪೇಟೆಯ ಧಾರಣೆ ನೋಡುತ್ತಾರೆ, ಸಾಗಣೆಯ ವೆಚ್ಚ ಕೂಡಿಸುತ್ತಾರೆ, ತಮಗುಳಿಯುವ ಲಾಭವನ್ನು ಲೆಕ್ಕ ಹಾಕುತ್ತಾರೆ. ಎರಡನೆಯ ಪ್ರಶ್ನೆಗೆ ಮಾತ್ರ ಬಾಯಿಗೆ ಬಂದ ಹೆಸರನ್ನು ಹೇಳಿಬಿಡುತ್ತಾರೆ.

ಆದರೆ ಈ ಎರಡನೆಯ ಉತ್ತರವೂ ಒಂದು ವ್ಯವಹಾರವೇ ಆಗಿದೆ. 1872ರ ಭಾರತೀಯ ಕರಾರು ಅಧಿನಿಯಮದ 126ನೆಯ ಕಲಮು ಜಾಮೀನು ಕರಾರನ್ನು ವಿವರಿಸುತ್ತದೆ. ಒಬ್ಬನು ತನ್ನ ಹೊಣೆಯನ್ನು ನೆರವೇರಿಸದಿದ್ದರೆ ಅದನ್ನು ತಾನು ನೆರವೇರಿಸುವೆನೆಂದು ಇನ್ನೊಬ್ಬನು ಕೊಡುವ ಮಾತೇ ಜಾಮೀನು. ಅಲ್ಲಿ ಸಾಲಗಾರ, ಸಾಲ ಕೊಟ್ಟವ, ಜಾಮೀನುದಾರ ಎಂಬ ಮೂವರಿರುತ್ತಾರೆ. ಊಟದ ಶಿಫಾರಸಿನಲ್ಲಿಯೂ ಖಾನಾವಳಿಯವರು, ಉಣ್ಣುವವರು, ಹೆಸರು ಸೂಚಿಸಿದವರು ಎಂಬ ಮೂವರೇ ಇದ್ದಾರೆ. ಇದನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವುದಿಲ್ಲ ಎಂಬುದು ನಿಜ. ಆದರೂ ಅನ್ನ ಹಳಸಿದ್ದರೆ, ಬಿಲ್ಲು ಮಿತಿಮೀರಿದ್ದರೆ, ನಷ್ಟದ ಒಂದು ಪಾಲು ಹೆಸರು ಸೂಚಿಸಿದವರ ಖಾತೆಗೇ ಬೀಳುತ್ತದೆ. ಊಟದ ವಿಷಯದಲ್ಲಿ ನಾಲಿಗೆ ತಪ್ಪಿದವರನ್ನು ಮಾಲಿನ ವಿಷಯದಲ್ಲಿ ಹೇಗೆ ನಂಬುವುದು ಎಂದು ಖರೀದಿದಾರರು ಯೋಚಿಸುತ್ತಾರೆ. ಆದುದರಿಂದ ಜಾಮೀನಿಗೆ ಸಹಿ ಹಾಕುವಾಗ ಇರುವ ಎಚ್ಚರವೇ ಶಿಫಾರಸು ಮಾಡುವಾಗಲೂ ಇರಬೇಕಾಗುತ್ತದೆ.

ಊಟ ಎಂಬ ಸರಕಿನ ವಿಶೇಷ

ಜೋಳವನ್ನು ಮುಷ್ಟಿಯಲ್ಲಿ ಹಿಡಿದು ಪರೀಕ್ಷಿಸಬಹುದು. ಬೆಲ್ಲವನ್ನು ಚೂರು ಮುರಿದು ಬಾಯಿಗೆ ಹಾಕಿಕೊಂಡು ನೋಡಬಹುದು. ಊಟವನ್ನು ಹಾಗೆ ಮಾದರಿ ನೋಡಿ ಕೊಳ್ಳಲು ಬರುವುದಿಲ್ಲ. ತಾಟು ಮುಂದೆ ಬಂದ ಮೇಲೆಯೇ ಅದರ ಗುಣ ತಿಳಿಯುತ್ತದೆ. ಕೆಲವು ದೋಷಗಳಂತೂ ಮರುದಿನ ಹೊಟ್ಟೆ ಕೆಟ್ಟ ಮೇಲೆ ತಿಳಿಯುತ್ತವೆ. ಅಡುಗೆಮನೆಯಲ್ಲಿ ಬಳಸಿದ ಎಣ್ಣೆ ಯಾವುದು, ಅದು ಎಷ್ಟನೆಯ ಸಲ ಕಾದದ್ದು ಎಂಬುದು ಮಾರುವವರಿಗೆ ಮಾತ್ರ ಗೊತ್ತು.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಇಂತಹ ಪರಿಸ್ಥಿತಿಯನ್ನು ವಿವೇಚಿಸಿದರು. ಮಾಹಿತಿಯ ಅಸಮಾನತೆ ಕುರಿತ ಅಧ್ಯಯನಕ್ಕಾಗಿ ಅವರಿಗೆ ಇನ್ನಿಬ್ಬರೊಡನೆ 2001ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅವರ ವಾದ ಸರಳವಾಗಿದೆ. ಒಳ್ಳೆಯ ಮಾಲು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವರಿಗೆ ತಿಳಿಯದಿದ್ದರೆ ಅವರು ಎರಡಕ್ಕೂ ಒಂದೇ ನಡುವಣ ಬೆಲೆ ಕೊಡಲು ಸಿದ್ಧರಾಗುತ್ತಾರೆ. ಆ ಬೆಲೆಯಲ್ಲಿ ಒಳ್ಳೆಯ ಮಾಲು ಮಾರುವವರಿಗೆ ಗಿಟ್ಟುವುದಿಲ್ಲ. ಅವರು ಪೇಟೆಯಿಂದ ಹಿಂದೆ ಸರಿಯುತ್ತಾರೆ. ಕೊನೆಗೆ ಕೆಟ್ಟ ಮಾಲು ಮಾತ್ರ ಉಳಿಯುತ್ತದೆ.

ಊಟದ ಪೇಟೆಯಲ್ಲಿ ಈ ಗತಿ ಬರದಂತೆ ತಡೆಯುವ ಶಕ್ತಿಗಳು ಎರಡು. ಗಿರಾಕಿ ಮತ್ತೆ ಮತ್ತೆ ಬರುವುದು ಒಂದು. ಉಂಡವರು ಇತರರಿಗೆ ಸರಿಯಾದ ಅಭಿಪ್ರಾಯ ತಿಳಿಸುವುದು ಇನ್ನೊಂದು. ಮೊದಲನೆಯದು ಇಲ್ಲದ ಕಡೆ ಎರಡನೆಯದೇ ಆಧಾರ.

ಮೂರು ತಾಲ್ಲೂಕುಗಳ ಊಟದ ಪೇಟೆ

ಈ ಭೇದವನ್ನು ಮೂರು ತಾಲ್ಲೂಕುಗಳಲ್ಲಿ ಸ್ಪಷ್ಟವಾಗಿ ಗುರುತಿಸಬಹುದು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವು ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿದೆ. ಹೆದ್ದಾರಿಯ ಊಟದ ಮನೆಗೆ ಬರುವ ಗಿರಾಕಿಗಳಲ್ಲಿ ಅನೇಕರು ಮತ್ತೆ ಬರುವವರಲ್ಲ. ಹುಕ್ಕೇರಿ ಪಟ್ಟಣವು ಹೆದ್ದಾರಿಯಿಂದ ಒಳಗಿದೆ. ಅಲ್ಲಿ ಉಣ್ಣುವವರು ಹೆಚ್ಚಾಗಿ ಕಚೇರಿ, ಬ್ಯಾಂಕು, ಶಾಲೆಗಳ ನೌಕರರು ಹಾಗೂ ಕೆಲಸಕ್ಕೆಂದು ಬಂದ ಹಳ್ಳಿಯವರು. ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಮೂಡಲಗಿಯಲ್ಲಿಯೂ ಕಚೇರಿ ಕೆಲಸಕ್ಕೆ ಮತ್ತು ಸಂತೆಗೆ ಬರುವವರೇ ಖಾನಾವಳಿಗಳಿಗೆ ಆಧಾರ. ಗೋಕಾಕದಲ್ಲಿ ಎರಡೂ ಬಗೆಯವರಿದ್ದಾರೆ. ಪೇಟೆಯ ವ್ಯವಹಾರಕ್ಕೆ ಬರುವವರು ಖಾಯಂ ಗಿರಾಕಿಗಳು. ಮಳೆಗಾಲದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆಯನ್ನು ನೋಡಲು ಬರುವವರು ಒಂದು ದಿನದ ಗಿರಾಕಿಗಳು. ಕಬ್ಬು ನುರಿಸುವ ಹಂಗಾಮಿನಲ್ಲಿ ಮೂರೂ ತಾಲ್ಲೂಕುಗಳ ರಸ್ತೆಗಳಲ್ಲಿ ಲಾರಿ, ಟ್ರ್ಯಾಕ್ಟರುಗಳ ಚಾಲಕರೂ ಸೇರುತ್ತಾರೆ.

ಊಟದ ಮನೆಗಳಲ್ಲಿಯೂ ಬಗೆಗಳಿವೆ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳು ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ ಬಡಿಸುವ ಖಾನಾವಳಿ ಒಂದು ಬಗೆ. ಖಾರದ ಮಾಂಸದೂಟಕ್ಕೆ ಹೆಸರಾದ ಸಾವಜಿ ಊಟದ ಮನೆ ಇನ್ನೊಂದು. ಇಡ್ಲಿ, ದೋಸೆಗಳ ಉಡುಪಿ ಪದ್ಧತಿಯ ಹೋಟೆಲು ಮತ್ತೊಂದು. ಹೆದ್ದಾರಿಯ ಢಾಬಾ, ಗಿರಮಿಟ್ಟು–ಮಿರ್ಚಿ ಭಜಿಯ ಅಂಗಡಿ, ಚಹಾದ ಅಂಗಡಿ ಇವುಗಳ ಲೆಕ್ಕ ಬೇರೆಯೇ. ಒಂದು ಬಗೆಯ ಅಳತೆಗೋಲಿನಿಂದ ಇನ್ನೊಂದನ್ನು ಅಳೆಯುವುದು ಅನ್ಯಾಯ. ಖಾನಾವಳಿಯಲ್ಲಿ ದೋಸೆ ಚೆನ್ನಾಗಿರಲಿಲ್ಲ ಎಂಬ ಅಭಿಪ್ರಾಯಕ್ಕೆ ಬೆಲೆಯಿಲ್ಲ. ಅಲ್ಲಿ ರೊಟ್ಟಿ ಹೇಗಿತ್ತು ಎಂಬುದಕ್ಕೆ ಬೆಲೆಯಿದೆ.

ದಿನಕ್ಕೆ ಮೂರು ಊಟದ ಲೆಕ್ಕ

ಒಂದು ಅಭಿಪ್ರಾಯದಿಂದ ಎಷ್ಟು ಹಣ ಬರುತ್ತದೆ, ಎಷ್ಟು ಹೋಗುತ್ತದೆ? ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ ಅಮೆರಿಕದ ಸಿಯಾಟಲ್ ನಗರದ ಉಪಾಹಾರ ಗೃಹಗಳನ್ನು ಅಭ್ಯಸಿಸಿ 2011ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಗ್ರಾಹಕರು ಕೊಡುವ ನಕ್ಷತ್ರಗಳ ಸಂಖ್ಯೆಯಲ್ಲಿ ಒಂದು ಹೆಚ್ಚಾದರೆ ಮಾರಾಟವು ಶೇಕಡಾ 5ರಿಂದ 9ರಷ್ಟು ಹೆಚ್ಚುತ್ತದೆ ಎಂದು ಅವರು ಕಂಡುಕೊಂಡರು. ಗಮನಿಸಬೇಕಾದ ಸಂಗತಿಯೆಂದರೆ, ಈ ಪರಿಣಾಮ ಕಂಡುಬಂದದ್ದು ಸ್ವತಂತ್ರ ಊಟದ ಮನೆಗಳಲ್ಲಿ ಮಾತ್ರ. ಹಲವು ಊರುಗಳಲ್ಲಿ ಶಾಖೆಗಳಿರುವ ದೊಡ್ಡ ಕಂಪನಿಗಳ ಹೋಟೆಲುಗಳಲ್ಲಿ ಅಲ್ಲ. ದೊಡ್ಡ ಕಂಪನಿಗೆ ಜಾಹೀರಾತಿನ ಬಲವಿದೆ. ಸಣ್ಣವರಿಗೆ ಜನರ ಮಾತೇ ಬಲ.

ಸಿಯಾಟಲ್ಲಿನ ಪ್ರಮಾಣವೇ ಇಲ್ಲಿಗೂ ಅನ್ವಯಿಸುತ್ತದೆ ಎಂದು ಹೇಳಲಾಗದು. ಆದರೆ ಮಾರಾಟದಲ್ಲಿ ಶೇಕಡಾ 5ರ ಏರಿಳಿತ ಒಂದು ಸಣ್ಣ ಖಾನಾವಳಿಗೆ ಏನು ಮಾಡಬಲ್ಲುದು ಎಂಬುದನ್ನು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಒಂದು ಖಾನಾವಳಿಯಲ್ಲಿ ದಿನಕ್ಕೆ 60 ಊಟ, ಊಟಕ್ಕೆ 100 ರೂಪಾಯಿ, ವರ್ಷಕ್ಕೆ 312 ದಿನಗಳ ಕೆಲಸ ಎಂದಿಟ್ಟುಕೊಂಡರೆ ಲೆಕ್ಕ ಹೀಗಾಗುತ್ತದೆ:

ವಾರ್ಷಿಕ ಮಾರಾಟ: ರೂ. 18,72,000
ದಿನಸಿ, ಕಾಯಿಪಲ್ಲೆ, ಗ್ಯಾಸು ಮುಂತಾದ ಬದಲಾಗುವ ವೆಚ್ಚ (ಶೇಕಡಾ 55): ರೂ. 10,29,600
ಬಾಡಿಗೆ, ಪಗಾರ ಮುಂತಾದ ಸ್ಥಿರ ವೆಚ್ಚ (ಶೇಕಡಾ 35): ರೂ. 6,55,200
ನಿವ್ವಳ ಲಾಭ (ಶೇಕಡಾ 10): ರೂ. 1,87,200

ಮಾರಾಟ ಶೇಕಡಾ 5ರಷ್ಟು ಕಡಿಮೆಯಾಗುವುದೆಂದರೆ ದಿನಕ್ಕೆ ಮೂರು ಊಟ ಕಡಿಮೆಯಾಗುವುದು. ವರ್ಷಕ್ಕೆ ರೂ. 93,600ರ ಮಾರಾಟ ಹೋಗುತ್ತದೆ. ಅದಕ್ಕೆ ತಗಲುತ್ತಿದ್ದ ದಿನಸಿ ಮುಂತಾದವುಗಳ ವೆಚ್ಚ ಉಳಿಯುತ್ತದೆ. ಆದರೆ ಬಾಡಿಗೆ, ಪಗಾರ ಕಡಿಮೆಯಾಗುವುದಿಲ್ಲ. ಹೀಗಾಗಿ ಲಾಭದಲ್ಲಿ ರೂ. 42,120 ಕಳೆಯುತ್ತದೆ. ಅಂದರೆ ಮಾರಾಟ ಶೇಕಡಾ 5 ಕುಸಿದರೆ ಲಾಭ ಶೇಕಡಾ 22.5 ಕುಸಿಯುತ್ತದೆ. ಮಾರಾಟ ಅಷ್ಟೇ ಏರಿದರೆ ಲಾಭವೂ ಅದೇ ಪ್ರಮಾಣದಲ್ಲಿ ಏರುತ್ತದೆ.

ಮೂರು ಊಟ ಎಂದರೆ ಒಂದೇ ಮೋಟಾರಿನಲ್ಲಿ ಬಂದಿಳಿದ ಮೂವರು. ಅವರು ಈ ಬಾಗಿಲಿಗೆ ಬರುವರೋ ಮುಂದಿನದಕ್ಕೆ ಹೋಗುವರೋ ಎಂಬುದನ್ನು ಯಾರದೋ ಒಂದು ಮಾತು ನಿರ್ಧರಿಸುತ್ತದೆ. ಖಾನಾವಳಿಗಳಲ್ಲಿ ಹಲವು ಒಂದೇ ಕುಟುಂಬದ ದುಡಿಮೆಯಿಂದ ನಡೆಯುತ್ತವೆ. ಒಲೆಯ ಮುಂದೆ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೂಲಿಯೂ ಅದೇ ಗಲ್ಲಾಪೆಟ್ಟಿಗೆಯಿಂದ ಬರಬೇಕು. ಒಂದು ಸುಳ್ಳು ನಿಂದೆ ಮೊದಲು ಕಸಿಯುವುದು ಆ ಕೂಲಿಯನ್ನು. ಒಂದು ಸುಳ್ಳು ಹೊಗಳಿಕೆ ಪಕ್ಕದ ಪ್ರಾಮಾಣಿಕರ ಪಾಲನ್ನು ಕಸಿಯುತ್ತದೆ.

ಯಾರ ಮಾತಿಗೆ ಎಷ್ಟು ತೂಕ

ಲೆಕ್ಕ ತಪಾಸಣೆಯಲ್ಲಿ ಸಾಕ್ಷ್ಯದ ತೂಕವು ಅದು ಯಾರಿಂದ ಬಂದಿತು ಎಂಬುದನ್ನು ಅವಲಂಬಿಸಿರುತ್ತದೆ. ಮಾಲೀಕರೇ ಕೊಟ್ಟ ಪತ್ರಕ್ಕಿಂತ ಬ್ಯಾಂಕಿನಿಂದ ನೇರವಾಗಿ ಬಂದ ಪತ್ರಕ್ಕೆ ಹೆಚ್ಚು ಬೆಲೆ. ಊಟದ ಅಭಿಪ್ರಾಯಕ್ಕೂ ಇದೇ ನಿಯಮ ಸಲ್ಲುತ್ತದೆ.

ಹೆದ್ದಾರಿಯ ಕೆಲವು ಹೋಟೆಲುಗಳಲ್ಲಿ, ಪ್ರಯಾಣಿಕರನ್ನು ಕರೆತಂದ ವಾಹನದ ಚಾಲಕನಿಗೆ ಊಟವನ್ನು ಉಚಿತವಾಗಿ ಕೊಡುವ ರೂಢಿ ಹಳೆಯದು. ಚಾಲಕನು ರುಚಿ ನೋಡಿ ಆ ಹೋಟೆಲನ್ನು ಆರಿಸಿದ್ದಾನೆಂದು ಪ್ರಯಾಣಿಕರು ಭಾವಿಸುತ್ತಾರೆ. ವಾಸ್ತವದಲ್ಲಿ ಆ ಶಿಫಾರಸಿನ ಬೆಲೆಯನ್ನು ಅವರೇ ತಮ್ಮ ಬಿಲ್ಲಿನಲ್ಲಿ ತೆರುತ್ತಾರೆ. ಇದಕ್ಕೆ ಪ್ರತಿಯಾಗಿ, ಸ್ವಂತ ಜೇಬಿನಿಂದ ಹಣ ಕೊಟ್ಟು, ವಾರಕ್ಕೆರಡು ಸಲ ಅದೇ ಖಾನಾವಳಿಯ ಮುಂದೆ ಲಾರಿ ನಿಲ್ಲಿಸುವ ಚಾಲಕನು ಬಾಯಿಬಿಟ್ಟು ಏನೂ ಹೇಳದಿದ್ದರೂ ಉತ್ತಮ ಸಾಕ್ಷಿ. ವ್ಯತ್ಯಾಸವಿರುವುದು ಚಾಲಕರಲ್ಲಲ್ಲ, ಹಣ ಯಾರು ಕೊಟ್ಟರು ಎಂಬುದರಲ್ಲಿ.

ಲೋಕಪ್ರಸಿದ್ಧವಾದ ಮಿಷೆಲಿನ್ ಮಾರ್ಗದರ್ಶಿಯನ್ನು ಫ್ರಾನ್ಸಿನ ಟೈರು ಕಂಪನಿಯೊಂದು 1900ರಲ್ಲಿ ಆರಂಭಿಸಿತು. 1926ರಿಂದ ಉತ್ತಮ ಊಟದ ಮನೆಗಳಿಗೆ ನಕ್ಷತ್ರ ಕೊಡತೊಡಗಿತು. ಅದರ ಪರೀಕ್ಷಕರು ಗುರುತು ಹೇಳದೆ ಹೋಗಿ, ಉಂಡು, ಬಿಲ್ಲು ತೆತ್ತು ಬರುತ್ತಾರೆ. ನ್ಯೂಯಾರ್ಕಿನಲ್ಲಿ ವಕೀಲ ದಂಪತಿ ಟಿಮ್ ಮತ್ತು ನೀನಾ ಜಗಾಟ್ 1979ರಲ್ಲಿ ಇನ್ನೊಂದು ಮಾರ್ಗ ಹಿಡಿದರು. ಒಬ್ಬ ಪರಿಣತನ ಬದಲು ಹಲವು ಸಾಮಾನ್ಯ ಗ್ರಾಹಕರ ಅಭಿಪ್ರಾಯಗಳನ್ನು ಕೂಡಿಸಿ ಸರಾಸರಿ ತೆಗೆದರು. ಗುರುತು ಹೇಳದಿರುವುದು, ಬಿಲ್ಲು ತೆರುವುದು, ಹಲವರನ್ನು ಕೇಳುವುದು: ಈ ಮೂರೂ ಸಣ್ಣ ಊರಿನಲ್ಲಿಯೂ ಪಾಲಿಸಬಹುದಾದ ನಿಯಮಗಳೇ.

ಕಾನೂನಿನ ಚೌಕಟ್ಟು

ಈಗ ಅಭಿಪ್ರಾಯಗಳು ಬಾಯಿಂದ ಬಾಯಿಗೆ ಮಾತ್ರವಲ್ಲದೆ ಮೊಬೈಲಿನಲ್ಲಿಯೂ ಹರಡುತ್ತವೆ. ಹಣ ಕೊಟ್ಟು ಹೊಗಳಿಕೆ ಬರೆಯಿಸುವ, ಪ್ರತಿಸ್ಪರ್ಧಿಯ ವಿರುದ್ಧ ನಿಂದೆ ಬರೆಯಿಸುವ ಪ್ರವೃತ್ತಿಯೂ ಅದರೊಡನೆ ಬಂದಿದೆ. ವ್ಯಾಪಾರಸ್ಥರು ತಿಳಿದಿರಬೇಕಾದ ನಿಯಮಗಳು ಇವು:

1. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಇ-ಕಾಮರ್ಸ್ ಮೂಲಕ ಮಾರುವವರು ತಾವೇ ಗ್ರಾಹಕರೆಂದು ಸುಳ್ಳಾಗಿ ತೋರಿಸಿಕೊಂಡು ಅಭಿಪ್ರಾಯ ಪ್ರಕಟಿಸುವಂತಿಲ್ಲ.

2. ಭಾರತೀಯ ಮಾನಕ ಸಂಸ್ಥೆಯು 2022ರ ನವೆಂಬರಿನಲ್ಲಿ ಗ್ರಾಹಕರ ಆನ್‌ಲೈನ್ ಅಭಿಪ್ರಾಯಗಳಿಗಾಗಿ ಐಎಸ್ 19000:2022 ಎಂಬ ಮಾನದಂಡವನ್ನು ಐಚ್ಛಿಕ ಸ್ವರೂಪದಲ್ಲಿ ಹೊರತಂದಿತು. ಪ್ರಾಮಾಣಿಕತೆ, ನಿಖರತೆ, ಪಾರದರ್ಶಕತೆ, ದೂರಿಗೆ ಸ್ಪಂದಿಸುವುದು ಮುಂತಾದವು ಅದರ ತತ್ವಗಳು.

3. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯುವ 2022ರ ಮಾರ್ಗಸೂಚಿಗಳಂತೆ, ಹಣ, ಉಡುಗೊರೆ ಅಥವಾ ಉಚಿತ ಊಟ ಪಡೆದು ಪ್ರಚಾರ ಮಾಡುವವರು ಆ ಸಂಬಂಧವನ್ನು ಬಹಿರಂಗಪಡಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ರಕ್ಷಣೆ ಅಧಿನಿಯಮದಲ್ಲಿ 10 ಲಕ್ಷ ರೂಪಾಯಿಗಳವರೆಗೆ, ಪುನಃ ತಪ್ಪಿದರೆ 50 ಲಕ್ಷದವರೆಗೆ ದಂಡವಿದೆ.

4. ನಿಂದೆಗೂ ಮಿತಿಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮು ಮಾನಹಾನಿಗೆ ಸಂಬಂಧಿಸಿದೆ. ಸಾಂಬಾರು ತಣ್ಣಗಿತ್ತು ಎಂಬುದು ಅನುಭವ. ಮಾಲೀಕ ಮೋಸಗಾರ ಎಂಬುದು ಆರೋಪ. ಕಂಡದ್ದನ್ನು ಹೇಳಬೇಕು, ಊಹಿಸಿದ್ದನ್ನಲ್ಲ. ನೈರ್ಮಲ್ಯದ ಗಂಭೀರ ದೋಷ ಕಂಡರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡುವುದೇ ಸರಿಯಾದ ಮಾರ್ಗ.

ಕರದಂಟು: ಊರಿನ ಹೆಸರಿನ ಜಾಮೀನು

ಅಭಿಪ್ರಾಯದ ಶಕ್ತಿಗೆ ಗೋಕಾಕದ ಕರದಂಟಿಗಿಂತ ಸಮೀಪದ ನಿದರ್ಶನ ಬೇಕಿಲ್ಲ. ಕರಿದ ಅಂಟಿಗೆ ಬೆಲ್ಲ, ಒಣಕೊಬ್ಬರಿ, ಒಣಹಣ್ಣುಗಳನ್ನು ಸೇರಿಸಿ ಮಾಡುವ ಈ ತಿನಿಸು ಊರಿನ ಹೆಸರಿನೊಡನೆಯೇ ಉಚ್ಚರಿಸಲ್ಪಡುತ್ತದೆ. ಪರ ಊರಿಗೆ ಹೊರಟವರು ಕಟ್ಟಿಸಿಕೊಂಡು ಹೋದ ಒಂದೊಂದು ಡಬ್ಬಿಯೂ ಒಂದೊಂದು ಶಿಫಾರಸಾಗಿದೆ.

ಇದರಲ್ಲಿ ಲಾಭವೂ ಇದೆ, ಅಪಾಯವೂ ಇದೆ. ದೂರದ ಊರಿನವರಿಗೆ ಅಂಗಡಿಯ ಹೆಸರು ನೆನಪಿರುವುದಿಲ್ಲ, ಗೋಕಾಕ ಎಂಬುದು ಮಾತ್ರ ನೆನಪಿರುತ್ತದೆ. ಹೀಗಾಗಿ ಒಬ್ಬರು ಕಮಟು ವಾಸನೆಯ ಕೊಬ್ಬರಿ ಬಳಸಿದರೂ ಅದರ ಹೊರೆ ಎಲ್ಲ ತಯಾರಕರ ಮೇಲೆ ಬೀಳುತ್ತದೆ. ಇದು ಒಬ್ಬರಿಗೊಬ್ಬರು ಬರೆದುಕೊಡದ, ಆದರೆ ತಪ್ಪಿಸಿಕೊಳ್ಳಲಾಗದ ಸಾಮೂಹಿಕ ಜಾಮೀನು. 2020ರ ಅಕ್ಟೋಬರ್ 1ರಿಂದ ಬಿಡಿಯಾಗಿ ಮಾರುವ ಸಿಹಿತಿನಿಸುಗಳ ಮುಂದೆಯೂ ಎಲ್ಲಿಯವರೆಗೆ ಬಳಸಲು ಉತ್ತಮ ಎಂಬ ದಿನಾಂಕವನ್ನು ತೋರಿಸುವುದು ಕಡ್ಡಾಯವಾಯಿತು. ಇದನ್ನು ಕೇವಲ ತಪಾಸಣೆಯ ಭಯದಿಂದ ಮಾಡದೆ, ಊರಿನ ಹೆಸರಿನ ರಕ್ಷಣೆಗಾಗಿ ಮಾಡುವುದು ಲಾಭದಾಯಕ.

ಶಿಫಾರಸು ಮಾಡುವ ಕ್ರಮ

ಉಪಯುಕ್ತವಾದ ಅಭಿಪ್ರಾಯದಲ್ಲಿ ಈ ಕೆಳಗಿನ ಅಂಶಗಳಿರಬೇಕು:

1. ಯಾವಾಗ ಉಂಡದ್ದು. ಎರಡು ವರ್ಷದ ಹಿಂದಿನ ಅನುಭವ ಅವಧಿ ಮುಗಿದ ಚೆಕ್ಕಿನಂತೆ. ಅಡುಗೆಯವರು ಬದಲಾದರೆ ಖಾನಾವಳಿಯೇ ಬದಲಾದಂತೆ.
2. ಎಷ್ಟು ಸಲ ಉಂಡದ್ದು. ಒಂದೇ ಸಲದ ಅನುಭವಕ್ಕೆ ಹೊಗಳಿಕೆಯೂ ಬೇಡ, ನಿಂದೆಯೂ ಬೇಡ. ಸಂತೆಯ ದಿನದ ಗದ್ದಲದಲ್ಲಿ ಒಮ್ಮೆ, ಸಾಮಾನ್ಯ ದಿನದಲ್ಲಿ ಒಮ್ಮೆ ಹೋಗಿದ್ದರೆ ಒಳ್ಳೆಯದು.
3. ಏನು ಉಂಡದ್ದು. ಊಟ ಭಾರಿ ಚೆನ್ನಾಗಿದೆ ಎಂಬುದರಿಂದ ಏನೂ ತಿಳಿಯದು. ರೊಟ್ಟಿ ಬಿಸಿಯಾಗಿ ಬರುತ್ತದೆಯೇ, ಖಡಕ್ ರೊಟ್ಟಿಯೇ, ಖಾರ ಎಷ್ಟು, ಮೊಸರು ಹುಳಿಯೇ ಎಂಬುದನ್ನು ಹೇಳಬೇಕು.
4. ಎಷ್ಟು ಹಣ, ಎಷ್ಟು ಹೊತ್ತು. ಎರಡು ಗಂಟೆಯ ಬಸ್ಸು ಹಿಡಿಯಬೇಕಾದವರಿಗೆ ರುಚಿಗಿಂತ ವೇಳೆ ಮುಖ್ಯ.
5. ಯಾರಿಗೆ ತಕ್ಕದ್ದು. ಕುಟುಂಬ ಸಮೇತ ಬಂದವರು, ವಯಸ್ಸಾದವರು, ಖಾರ ತಿನ್ನದವರು, ಸಸ್ಯಾಹಾರಿಗಳು ಇವರಿಗೆ ಒಂದೇ ಸಲಹೆ ಸಲ್ಲದು.
6. ಕುಡಿಯುವ ನೀರು, ಕೈತೊಳೆಯುವ ಜಾಗ, ಶೌಚಾಲಯ, ವಾಹನ ನಿಲ್ಲಿಸುವ ಸ್ಥಳ ಹೇಗಿವೆ ಎಂಬುದು.
7. ಸಂಬಂಧವಿದ್ದರೆ ಅದನ್ನು ಹೇಳುವುದು. ಅದು ನಮ್ಮ ಭಾವನವರ ಹೋಟೆಲು ಎಂದು ಮೊದಲೇ ತಿಳಿಸಿದರೆ ಮಾತಿನ ಬೆಲೆ ಕುಗ್ಗುವುದಿಲ್ಲ, ಹೆಚ್ಚುತ್ತದೆ.

ಬಿಲ್ಲನ್ನು ಓದುವ ಬಗೆ

ಹಣದ ಬಗ್ಗೆ ಅಭಿಪ್ರಾಯ ಹೇಳುವ ಮುನ್ನ ಬಿಲ್ಲನ್ನು ಸರಿಯಾಗಿ ಓದಬೇಕು. 2017ರ ನವೆಂಬರ್ 15ರಿಂದ, ದುಬಾರಿ ವಸತಿಗೃಹಗಳೊಳಗಿನವುಗಳನ್ನು ಬಿಟ್ಟು, ಊಟದ ಮನೆಗಳಿಗೆ ಜಿ.ಎಸ್.ಟಿ. ದರ ಹೂಡುವಳಿ ತೆರಿಗೆಯ ಜಮೆ ಇಲ್ಲದೆ ಶೇಕಡಾ 5 ಆಗಿದೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಖಾನಾವಳಿಗೆ ಸಾಮಾನ್ಯವಾಗಿ ನೋಂದಣಿಯೇ ಬೇಕಿಲ್ಲ; ಅದು ತೆರಿಗೆ ವಸೂಲಿ ಮಾಡುವಂತಿಲ್ಲ. ಒಂದೂವರೆ ಕೋಟಿಯವರೆಗಿನ ವಹಿವಾಟಿನವರು ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿದ್ದರೆ ಶೇಕಡಾ 5ನ್ನು ತಾವೇ ಭರಿಸಬೇಕು, ಗ್ರಾಹಕರಿಂದ ಬೇರೆಯಾಗಿ ಪಡೆಯುವಂತಿಲ್ಲ. ಆದುದರಿಂದ ಬಿಲ್ಲಿನಲ್ಲಿ ತೆರಿಗೆಯ ಸಾಲು ಇಲ್ಲದಿದ್ದರೆ ಅದನ್ನು ತೆರಿಗೆಗಳ್ಳತನವೆಂದು ತಿಳಿಯಬಾರದು. ಇದ್ದರೆ ನೋಂದಣಿ ಸಂಖ್ಯೆಯೂ ಇದೆಯೇ ಎಂದು ನೋಡಬೇಕು. 2022ರ ಜನವರಿ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯನ್ನೂ ಬಿಲ್ಲಿನಲ್ಲಿ ಮುದ್ರಿಸಬೇಕಾಗಿದೆ.

ಸೇವಾ ಶುಲ್ಕವೆಂದು ಪ್ರತ್ಯೇಕ ಮೊತ್ತ ಸೇರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರ ಮಾರ್ಗಸೂಚಿಯಲ್ಲಿ ನಿಷೇಧಿಸಿತು. ದೆಹಲಿ ಉಚ್ಚ ನ್ಯಾಯಾಲಯವು 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಇಂತಹ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಖರೀದಿದಾರರನ್ನು ಊಟಕ್ಕೆ ಕರೆದೊಯ್ದ ವ್ಯಾಪಾರಸ್ಥರು ಆ ಬಿಲ್ಲಿನ ಜಿ.ಎಸ್.ಟಿ.ಯನ್ನು ಜಮೆಯಾಗಿ ಪಡೆಯಲು ಸಾಮಾನ್ಯವಾಗಿ ಬರುವುದಿಲ್ಲ. 17(5)ನೆಯ ಕಲಮು ಅದನ್ನು ತಡೆಯುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ವ್ಯಾಪಾರದ ವೆಚ್ಚವೆಂದು ನಿಲ್ಲಬೇಕಾದರೆ ಬಿಲ್ಲಿನ ಹಿಂಬದಿಯಲ್ಲಿ ಅತಿಥಿಗಳ ಹೆಸರು ಮತ್ತು ಕೆಲಸವನ್ನು ಬರೆದಿಡುವುದು ಒಳ್ಳೆಯದು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚಕ್ಕೆ ಮಾನ್ಯತೆ ದೊರೆಯುವುದಿಲ್ಲ.

ಊಟದ ಮನೆಯವರ ಕರ್ತವ್ಯ

ಅಭಿಪ್ರಾಯವನ್ನು ಕೊಳ್ಳುವುದಕ್ಕಿಂತ ಗಳಿಸುವುದು ಅಗ್ಗ. ಬೆಂಗಳೂರಿನ ಎಂ.ಟಿ.ಆರ್. 1924ರಲ್ಲಿ ಸಣ್ಣ ಕಾಫಿ ಕ್ಲಬ್ಬಾಗಿ ಆರಂಭವಾದದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪು ಪ್ರವಾಸ ಮಾಡಿ ಬಂದ ಮೇಲೆ ಅಲ್ಲಿ ಕಂಡ ಶುಚಿತ್ವದ ಕ್ರಮಗಳನ್ನು ತಮ್ಮ ಹೋಟೆಲಿನಲ್ಲಿ ತಂದರು. ರುಚಿಯೊಡನೆ ಶುಚಿಯೂ ಆ ಸಂಸ್ಥೆಯ ಹೆಸರಿಗೆ ಅಂಟಿಕೊಂಡಿತು.

ಸಣ್ಣ ಖಾನಾವಳಿಯವರಿಗೆ ಸಾಧ್ಯವಾದ ಕ್ರಮಗಳೂ ಇವೆ. ಅಡುಗೆಮನೆ ಗಿರಾಕಿಗೆ ಕಾಣುವಂತಿರಲಿ. ದರಪಟ್ಟಿ ಗೋಡೆಯ ಮೇಲಿರಲಿ. ಮಿರ್ಚಿ ಭಜಿಯ ಎಣ್ಣೆಯನ್ನು ಪದೇ ಪದೇ ಕಾಯಿಸುವುದು ನಿಲ್ಲಲಿ. ಕಾದ ಎಣ್ಣೆಯಲ್ಲಿ ಉಂಟಾಗುವ ಕೆಟ್ಟ ಅಂಶಗಳ ಪ್ರಮಾಣ ಶೇಕಡಾ 25 ಮೀರಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚಿನಲ್ಲಿಯೂ, ಕಬಾಬಿಗೆ ಹಾಕುವುದನ್ನು ಅದೇ ವರ್ಷದ ಜೂನಿನಲ್ಲಿಯೂ ನಿಷೇಧಿಸಿದೆ. ಇವೆಲ್ಲಕ್ಕಿಂತ ಮಿಗಿಲಾಗಿ ಗಲ್ಲಾದ ಪಕ್ಕದಲ್ಲಿ ಒಂದು ವಹಿ ಇರಲಿ. ತಾರೀಖು, ಗಿರಾಕಿ ಹೇಳಿದ ದೂರು, ಕೈಗೊಂಡ ಕ್ರಮ ಎಂಬ ಮೂರು ಕಾಲಮು ಸಾಕು. ತಿಂಗಳಿಗೊಮ್ಮೆ ಓದಿದರೆ ಒಂದೇ ದೂರು ಎಷ್ಟು ಸಲ ಬಂದಿದೆಯೆಂದು ತಿಳಿಯುತ್ತದೆ. ಎದುರಿಗೆ ದೂರು ಹೇಳಿದ ಗಿರಾಕಿ ಉಪಕಾರಿ. ಏನೂ ಹೇಳದೆ ಎದ್ದು ಹೋಗಿ ಊರಿಗೆಲ್ಲ ಹೇಳುವವರಿಂದಲೇ ದಿನದ ಮೂರು ಊಟ ಹೋಗುವುದು.

ವಾಣಿಜ್ಯ ಸಂಸ್ಥೆಗಳ ಪಾತ್ರ

ಈ ಕಾರ್ಯದಲ್ಲಿ ಸ್ಥಳೀಯ ವ್ಯಾಪಾರಸ್ಥರ ಸಂಘಟನೆಗಳು ಮುಂದಾಗಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿ, ಸಂಕೇಶ್ವರಗಳ ಊಟದ ಮನೆಗಳ ಎರಡು ಪುಟದ ಪಟ್ಟಿಯನ್ನು ಸಿದ್ಧಪಡಿಸಿ ಪರಸ್ಥಳದ ಖರೀದಿದಾರರಿಗೆ ಕೊಡುವುದು ಕಠಿಣವಲ್ಲ. ಪಟ್ಟಿಗೆ ಸೇರಿಸಲು ಯಾರಿಂದಲೂ ಹಣವಾಗಲಿ ಜಾಹೀರಾತಾಗಲಿ ಪಡೆಯಬಾರದು. ಕನಿಷ್ಠ ಮೂವರು ಸದಸ್ಯರು ಬೇರೆ ಬೇರೆ ದಿನಗಳಲ್ಲಿ ಬಿಲ್ಲು ತೆತ್ತು ಉಂಡಿರಬೇಕು. ತಾರೀಖು ನಮೂದಿಸಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಸದಸ್ಯರ ಸ್ವಂತ ಹೋಟೆಲು ಪಟ್ಟಿಯಲ್ಲಿದ್ದರೆ ಆ ಸಂಗತಿಯನ್ನು ಅಲ್ಲಿಯೇ ಕಾಣಿಸಬೇಕು. ಪಟ್ಟಿಯಿಂದ ಬಿಡುವ ಮುನ್ನ ಮಾಲೀಕರಿಗೆ ದೋಷ ತಿಳಿಸಿ, ತಿದ್ದಿಕೊಳ್ಳಲು ಕಾಲಾವಕಾಶ ಕೊಡಬೇಕು.

ಜಾಮೀನು ನಿಲ್ಲುವವರು ಸಾಲಗಾರನ ಆಸ್ತಿಯನ್ನು ವಿಚಾರಿಸುತ್ತಾರೆ, ಅವನ ನಡತೆಯನ್ನು ನೋಡುತ್ತಾರೆ, ಆಮೇಲೆ ಸಹಿ ಹಾಕುತ್ತಾರೆ. ಅಷ್ಟೇ ವಿಚಾರಣೆಯ ನಂತರ ಹೇಳಿದ ಒಂದು ಖಾನಾವಳಿಯ ಹೆಸರು, ಉಣ್ಣುವವರಿಗೆ ಒಳ್ಳೆಯ ಊಟವನ್ನೂ, ಪ್ರಾಮಾಣಿಕವಾಗಿ ಅಡುಗೆ ಮಾಡುವವರಿಗೆ ದಿನದ ಮೂರು ಊಟದ ವ್ಯಾಪಾರವನ್ನೂ, ಹೇಳಿದವರಿಗೆ ಮಾತಿನ ಮನುಷ್ಯರೆಂಬ ಹೆಸರನ್ನೂ ತರುತ್ತದೆ. ಆ ಹೆಸರು ಯಾವ ಅಢಾವೆ ಪತ್ರಿಕೆಯಲ್ಲಿಯೂ ಕಾಣುವುದಿಲ್ಲ. ಆದರೆ ಮುಂದಿನ ಸಲ ಖರೀದಿದಾರರು ಮಾಲಿನ ದರ ಕೇಳಿದಾಗ ಅದು ಕೆಲಸಕ್ಕೆ ಬರುತ್ತದೆ.